ಊದು

ಊದು, ಅಂದ್ರು.
ಮೂವತ್ತು ವರ್ಷ ಅದನ್ನ ಮಾಡೇನಿ ನಾನು.
ವರನ ಕುದರಿ ಮುಂದ ಊದೇನಿ,
ಗಣಪನ ಟ್ರ್ಯಾಕ್ಟರ್ ಮುಂದ ಊದೇನಿ,
ಇಲೆಕ್ಷನ್ನಿನಾಗ ಗೆದ್ದಾವನ ಮುಂದ ಊದಿ
ಸೋತಾವನ ಓಣ್ಯಾಗ ಕಲ್ಲು ತಿಂದೇನಿ.
ಹಿಂಗ ನಡುರಸ್ತೆದಾಗ, ರಾತ್ರಿ ಹನ್ನೊಂದೂಮುಕ್ಕಾಲಕ್ಕ,
ಪ್ಲಾಸ್ಟಿಕ್ ನಳಿಗಿ ಬಾಯಾಗಿಟ್ಟು
ರಾಗ ಇಲ್ಲದ್ದು ಊದಿದ್ದು ಅದ ಮೊದಲು.

ಹೊಸೂರ ಸರ್ಕಲ್. ಬ್ಯಾರಿಕೇಡಿನ ಮ್ಯಾಲ
ಯಾವುದೋ ಬಂಗಾರದಂಗಡಿ ಜಾಹೀರಾತು.
ಎಕ್ಸೆಲ್ ಗಾಡಿ, ಕೊಳ್ಳಾಗ ಟ್ರಂಪೆಟ್ ಚೀಲ,
ಮೈಮ್ಯಾಲ ಬ್ಯಾಂಡಿನ ಕೆಂಪು ಕೋಟು, ಭುಜಕ್ಕ ಜರಿಪಟ್ಟಿ.
ನೋಡಿದ್ರ ಸಾಹೇಬ ನಾನ, ಪೇದೆ ಅಂವ.
ಅಂವ ನಗಲಿಲ್ಲ.
ಯಂತ್ರ ಕುಂಯ್ ಅಂತು: ಅರವತ್ತೆಂಟು.
ಮೂವತ್ತರತನಕ ಮಾಫಿ ಐತಿ, ಹುಲಗಪ್ಪ, ಅಂದ,
ಲೈಸೆನ್ಸಿನ ಮ್ಯಾಲಿನ ಹೆಸರು ಓದಿಕೋತ.

ಕುಡದಿದ್ದೆ.
ಉಣಕಲ್ಲಿನ ಮದುವಿಯಾಗ ಮೆರವಣಿಗಿ ಮುಗದ ಮ್ಯಾಲ
ಹುಡುಗನ ಸೋದರಮಾವ
ಬಾಕಿ ರೊಕ್ಕದ ಬದಲಿ ಒಂದು ಕ್ವಾರ್ಟರ್ ಕೈಯಾಗಿಟ್ಟ.
ರೊಕ್ಕ ನಾಳೆ, ಅಂದ.
ದೊಡ್ಡಮಂದಿ ನಾಳೆ ಗೊತ್ತೈತಲ್ಲ.

ತಿಮ್ಮಸಾಗರದ ಕೋರ್ಟಿನ ಮುಂದ, ಚಾದಂಗಡಿ ಬಾಕಿನ ಮ್ಯಾಲ ಕುಂತು
ಅಣ್ಣಿಗೇರಿ ವಕೀಲಬಾಯಿ ಕಾಗದ ತಿರುವಿದ್ರು.
'ಕುಡದಿದ್ದೇನು ಅಂತ ನಾ ಕೇಳೂದಿಲ್ಲ, ನೀನೂ ಹೇಳಬ್ಯಾಡ.
ನಾ ಕೇಳೂದು ಯಂತ್ರಕ್ಕ.
ಅದು ಸರಿ ಐತಂತ ಕಡೀಗೆ ನೋಡಿದಾವ್ರು ಯಾರು, ಯಾವಾಗ?
ಸರ್ಟಿಫಿಕೇಟ್ ಎಲ್ಲಿ?
ಚೀಟಿ ಮ್ಯಾಲ ನಿನ್ನ ಸಹಿ ಇಲ್ಲ.
ಎರಡು ತಾಸಿನೊಳಗ ಕಿಮ್ಸಿಗೆ ಒಯ್ದು ರಕ್ತ ತಗದಿಲ್ಲ.
ಮತ್ತ ಇಲ್ಲಿ ನೋಡು, ವ್ಯಾಳ್ಯಾ
ಮುಂಜಾನೆ ಹನ್ನೊಂದೂಮುಕ್ಕಾಲು ಅಂತ ಬಿದ್ದೈತಿ!'
ನಕ್ಕರು. ಒಂದು ಹಲ್ಲು ಬಂಗಾರದ್ದು.
'ಒಪ್ಪಿಕೊಂಡ್ರ ಹತ್ತು ಸಾವಿರ. ಹೊಡದಾಡಿದ್ರ ಎಂಟು ತಿಂಗಳು.
ಹೊಡದಾಡೂಣು.'

ಹೊಡದಾಡೂದು ನಮ್ಮ ಮನಿತನಕ್ಕ ಹೊಸಾದು.
ಸೆಟ್ಲಮೆಂಟಿನ ತಂತಿಬೇಲಿಯೊಳಗ ನಮ್ಮಜ್ಜ
ದಿನಾ ಹಾಜರಿ ಕೊಟ್ಟು ಬೆಳದಾಂವ,
ಮಾಡದ ತಪ್ಪಿಗೂ ಹೂಂ ಅಂದಾಂವ.
ನಾನು, ಮಾಡಿದ ತಪ್ಪಿಗೆ ಊಹೂಂ ಅನ್ನಾಕ
ಇಸ್ತ್ರಿ ಅಂಗಿ ಹಾಕ್ಕೊಂಡು ಕಟಕಟಿ ಹತ್ತಿದೆ.
ಅಜ್ಜ ನೋಡಿದ್ರ ಹಿಗ್ಗತಿದ್ನೋ, ನಾಚತಿದ್ನೋ.

ಫೈಲಿನಾಗ ಇಲ್ಲದ್ದು ಒಂದೈತಿ.
ಆವತ್ತು ಹಿಂದಿನ ಸೀಟಿನ ಮ್ಯಾಲ ಯಮನೂರ ಇದ್ದ.
ಹನ್ನೊಂದು ವರ್ಷದಾಂವ, ಸೆಟ್ಟಿನಾಗ ಗಿಲಕಿ ಅಲ್ಲಾಡಸ್ತಾನ.
ನಿದ್ದಿಗಣ್ಣಾಗ ಬಿದ್ದಗಿದ್ದಾನಂತ
ಅವನ್ನ ಟಾವೆಲ್ಲಿಲೆ ನನ್ನ ಸೊಂಟಕ್ಕ ಕಟ್ಟಿದ್ದೆ.
ಎರಡು ಗಂಟು.
ಬಿಗಿ ಐತೇನಂತ ಎಳದು ನೋಡಿದ್ದೆ, ಮತ್ತ ಎಳದು ನೋಡಿದ್ದೆ.
ಅಷ್ಟು ಹುಷಾರಿತ್ತು ನನಗ.
ಅಷ್ಟ ಹುಷಾರಿತ್ತು.
ಕೆರಿ ಹಂತೇಕ ಲಾರಿ ಹಾರ್ನ್ ಹೊಡದಾಗ
ನಾ ಎಡಕ್ಕ ಹೋದೆನೋ ಬಲಕ್ಕೋ
ಯಾವ ಚೀಟಿ ಮ್ಯಾಲೂ ಬಿದ್ದಿಲ್ಲ.
ಸರ್ಕಲ್ಲಿನಾಗ ಪೇದೆ ಮಣಕಾಲೂರಿ ಗಂಟು ಬಿಚ್ಚಾಕ ಕುಂತ.
ಬಿಚ್ಚಲಿಲ್ಲ. ಬ್ಲೇಡು ತಗೊಂಡು ಕೊಯ್ದ.
ಹುಡುಗ ಎಚ್ಚರಾಗಿ, ಮನಿ ಬಂತೇನು, ಅಂದ.

ಮೂರು ತಾರೀಖು ಆದ್ವು. ಸರ್ಟಿಫಿಕೇಟ್ ಬಂದಿಲ್ಲ.
ಚಿಗರಿ ಬಸ್ಸಿನಾಗ ಟ್ರಂಪೆಟ್ ತೊಡಿಮ್ಯಾಲ ಮಲಗಿಸಿಕೊಂಡು ಹೊಕ್ಕೇನಿ,
ಮಂದಿ ಕೆಂಪು ಕೋಟು ನೋಡಿ ಸರದು ಜಾಗಾ ಕೊಡತಾರ.
ಮುಂದಿನ ತಾರೀಖಿಗೆ ಬಿಡುಗಡಿ ಖರೆ, ಅಂತಾರ ವಕೀಲಬಾಯಿ.

ನಿನ್ನೆ ಕೇಶ್ವಾಪುರದ ಮದುವಿ ಮುಗಿಸಿ ಬಂದೆ.
ಕೋಟಿನ ಗುಂಡಿ ಬಿಚ್ಚೂದರಾಗ
ಯಮನೂರ ಬಾಗಿಲಕ್ಕ ಅಡ್ಡ ನಿಂತ.
ಅಂಗೈ ನನ್ನ ಬಾಯಿ ಮುಂದ ಹಿಡದ,
ಪೇದೆಯಂಗಲ್ಲ,
ಸುರ ಹತ್ತೇತೋ ಇಲ್ಲೋ ಅಂತ ಕೇಳೂ ಮಾಸ್ತರನಂಗ.
ಊದಪಾ, ಅಂದ.

ಊದಿದೆ.
ಅಂಗೈ ಮೂಗಿಗೆ ಒಯ್ದು ಭಾಳೊತ್ತು ಹಿಡದ.
ಆಮ್ಯಾಲ ಒಳಗ ಅವರವ್ವಗ ಒದರಿದ:
ಎರಡು ರೊಟ್ಟಿ ಹೆಚ್ಚಿಗಿ ತಟ್ಟು,
ಅಪ್ಪ ಬಂದ.